ತಳಿ, ಕಾಳು, ನೆರಳು

ಉಣಕಲ್ಲಿನ ಹಿತ್ತಿಲುಗಳಲ್ಲಿ ಹಿಂದೆ ಇದ್ದದ್ದು ನಾಟಿ ಕೋಳಿ. ಕಸ ಕೆದರಿ, ಜೋಳದ ನುಚ್ಚು ತಿಂದು, ವರ್ಷಕ್ಕೆ 50-60 ಮೊಟ್ಟೆಯಿಟ್ಟು ತಾನೇ ಕಾವಿಗೆ ಕೂರುತ್ತಿತ್ತು.

1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಹಿತ್ತಿಲ ಸಾಕಣೆಗೆಂದೇ ಗಿರಿರಾಜ ತಳಿಯನ್ನು ಹೊರತಂದಿತು. ಬಣ್ಣದ ಗರಿ, ದೊಡ್ಡ ಮೈ, ನಾಟಿಯ ಎರಡು ಪಟ್ಟಿಗೂ ಮಿಗಿಲಾದ ಮೊಟ್ಟೆ. 2005ರಲ್ಲಿ ಸ್ವರ್ಣಧಾರ ಬಂದಿತು.

ಆದರೆ ತಳಿಯೊಂದೇ ಸಾಲದು. ದೊಡ್ಡ ಮೈಗೆ ಜೋಳದ ಜೊತೆ ಹಿಂಡಿಯ ಪ್ರೋಟೀನು, ಮೊಟ್ಟೆಯ ಚಿಪ್ಪಿಗೆ ಸುಣ್ಣದಂಶ ಬೇಕು. ಕೋಳಿಗೆ ಬೆವರುಗ್ರಂಥಿಗಳಿಲ್ಲ; ಬಿಸಿಲೇರಿದರೆ ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ಮೇವು ಕಡಿಮೆಯಾಗುತ್ತದೆ, ಬೆಳವಣಿಗೆ ಕುಗ್ಗುತ್ತದೆ. ನೆರಳು, ತಣ್ಣೀರು ಅನಿವಾರ್ಯ.

ಗಿರಿರಾಜ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಮರಿಗಾಗಿ ಪ್ರತಿಸಲವೂ ಕೇಂದ್ರವನ್ನೇ ಅವಲಂಬಿಸಬೇಕು. ಮೊಟ್ಟೆ ಹೆಚ್ಚಿತು, ಮರಿ ಮಾಡಿಸುವ ಸ್ವಾತಂತ್ರ್ಯ ಮನೆಯ ಹೆಣ್ಣುಮಕ್ಕಳ ಕೈತಪ್ಪಿತು. ಆದ್ದರಿಂದ ಹಿತ್ತಿಲಲ್ಲಿ ಒಂದೆರಡು ನಾಟಿ ಹೇಂಟೆಗಳನ್ನು ಉಳಿಸಿಕೊಳ್ಳುವುದೇ ಜಾಣತನ.