ಕಾಳಿನೊಳಗಿನ ಕೂಸು: ಬಿ.ಜಿ.ಎಲ್. ಸ್ವಾಮಿಯವರ ಭ್ರೂಣಶಾಸ್ತ್ರ

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ (1918–1980) ಕನ್ನಡದ ಓದುಗರಿಗೆ ‘ಹಸುರು ಹೊನ್ನು’ ಬರೆದವರು, ಡಿ.ವಿ.ಜಿ.ಯವರ ಮಗ, ನಗಿಸುವ ಮೇಷ್ಟ್ರು. ಸಸ್ಯವಿಜ್ಞಾನಿಗಳಿಗೆ ಅವರು ಬೇರೆಯೇ ಮನುಷ್ಯ: ಹೂವು ಬೀಜವಾಗುವ ಹಾದಿಯಲ್ಲಿ ಯಾವ ಕೋಶ ಯಾವಾಗ ಒಡೆಯುತ್ತದೆ, ಒಡೆದದ್ದು ಮುಂದೆ ಏನಾಗುತ್ತದೆ ಎಂದು ಲೆಕ್ಕವಿಟ್ಟ ಭ್ರೂಣಶಾಸ್ತ್ರಜ್ಞ. ಕನ್ನಡದಲ್ಲಿ ಅವರ ಹಾಸ್ಯಕ್ಕೆ ಸಿಕ್ಕ ಮನ್ನಣೆ ಈ ಲೆಕ್ಕಕ್ಕೆ ಸಿಕ್ಕಿಲ್ಲ.

ಆ ಶಾಸ್ತ್ರದ ವಿಷಯವನ್ನು ಗಂಗಾವತಿಯ ಅಕ್ಕಿ ಗಿರಣಿಯಲ್ಲೇ ನೋಡಬಹುದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಹೊಟ್ಟು ಕಳಚಿಕೊಂಡಾಗ, ಪ್ರತಿ ಕಾಳಿನ ಬುಡದಲ್ಲಿ ಓರೆಯಾಗಿ ಒಂದು ಪುಟ್ಟ ಗುಬಟು ಕಾಣುತ್ತದೆ. ಅದೇ ಭ್ರೂಣ, ಮುಂದಿನ ಭತ್ತದ ಸಸಿ. ಪಾಲಿಶ್ ಮಾಡುವಾಗ ಅದು ಉದುರಿ ತೌಡಿಗೆ ಸೇರುತ್ತದೆ. ಕಾಳಿನಲ್ಲಿ ಒಂದು ಸಣ್ಣ ಕಚ್ಚು ಮಾತ್ರ ಉಳಿಯುತ್ತದೆ. ಬಿಳಿ ಅಕ್ಕಿಯನ್ನು ಎಷ್ಟು ನೆನೆಸಿದರೂ ಮೊಳಕೆ ಬಾರದಿರುವುದು ಇದರಿಂದಲೇ. ಉಣ್ಣುವ ಬಿಳಿಯ ಭಾಗ ಭ್ರೂಣವಲ್ಲ, ಭ್ರೂಣಕ್ಕೆಂದು ಕಟ್ಟಿಟ್ಟ ಬುತ್ತಿ: ಭ್ರೂಣಾಹಾರ. ಹೂಬಿಡುವ ಸಸ್ಯಗಳಲ್ಲಿ ಒಂದು ಪರಾಗದಿಂದ ಎರಡು ಗಂಡುಕೋಶಗಳು ಬರುತ್ತವೆ. ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ, ಇನ್ನೊಂದು ಬೇರೆ ಕೋಶಕೇಂದ್ರಗಳೊಡನೆ ಕೂಡಿ ಈ ಬುತ್ತಿಯಾಗುತ್ತದೆ. 1898ರಲ್ಲಿ ರಷ್ಯದ ನವಾಶಿನ್ ಇದನ್ನು ಕಂಡುಹಿಡಿದ ಮೇಲೆ ಗಿಡಗಳ ಭ್ರೂಣಶಾಸ್ತ್ರ ಬಿರುಸಾಗಿ ಬೆಳೆಯಿತು. ಭಾರತದಲ್ಲಿ ದೆಹಲಿಯ ಪಂಚಾನನ ಮಹೇಶ್ವರಿ ಅದರ ದೊಡ್ಡ ಗುರು. ದಕ್ಷಿಣದಲ್ಲಿ ಎದ್ದು ನಿಂತ ಹೆಸರು ಸ್ವಾಮಿಯವರದು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪಡೆದ ಸ್ವಾಮಿ ಮೊದಲು ಕೈಹಾಕಿದ ವಸ್ತುಗಳಲ್ಲಿ ಆರ್ಕಿಡ್ ಮುಖ್ಯವಾದದ್ದು. ಆ ಕಾಲದ ಭ್ರೂಣಶಾಸ್ತ್ರ ಕೈಕಸುಬು. ಮೊಗ್ಗು, ಹೂವು, ಎಳೆಗಾಯಿಗಳನ್ನು ದಿನ ಬಿಟ್ಟು ದಿನ ಕಿತ್ತು, ಫಾರ್ಮಲಿನ್ ಮತ್ತು ಆಲ್ಕೋಹಾಲ್ ಕೂಡಿಸಿದ ದ್ರಾವಣದಲ್ಲಿ ಹಾಕಿಡಬೇಕು. ನೀರಿನಂಶ ಹಂತಹಂತವಾಗಿ ತೆಗೆದು, ಕರಗಿದ ಮೇಣದಲ್ಲಿ ಅದ್ದಿ ಗಟ್ಟಿಮಾಡಬೇಕು. ಆ ಮೇಣದ ಇಟ್ಟಿಗೆಯನ್ನು ಮೈಕ್ರೊಟೋಮ್ ಅಲಗಿನಲ್ಲಿ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ತೆಳುವಾಗಿ ಸವರಿದರೆ ಚೂರುಗಳು ಒಂದಕ್ಕೊಂದು ಅಂಟಿ ರಿಬ್ಬನ್ನಿನಂತೆ ಇಳಿಯುತ್ತವೆ. ಗಾಜಿಗೆ ಅಂಟಿಸಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಡಿ ನೋಡಿ ಚಿತ್ರ ಬರೆಯಬೇಕು. ನೂರಾರು ಚೂರುಗಳಲ್ಲಿ ಬೇಕಾದ ಕ್ಷಣ ಒಂದೆರಡರಲ್ಲಿ ಸಿಕ್ಕರೆ ಪುಣ್ಯ. ಸತ್ತ ಚೂರುಗಳನ್ನು ಜೋಡಿಸಿ ಬದುಕಿನ ಕ್ರಮ ಹೇಳುವ ಈ ಕೆಲಸಕ್ಕೆ ಜಾಣತನಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಅದರ ಭ್ರೂಣಾಹಾರ ಎಳವೆಯಲ್ಲೇ ನಿಂತುಹೋಗುತ್ತದೆ. ಭ್ರೂಣ ಬೇರು, ಎಲೆಗಳ ಗುರುತೇ ಇಲ್ಲದೆ ಕೋಶಗಳ ಉಂಡೆಯಾಗಿ ಉಳಿಯುತ್ತದೆ. ಬುತ್ತಿಯಿಲ್ಲದ ಕೂಸು ಬದುಕುವುದು ಹೇಗೆ? ಭ್ರೂಣವನ್ನು ಹಿಡಿದಿಡುವ ಬಾಲದಂಥ ಕೋಶಗಳು ಎಷ್ಟೋ ಜಾತಿಗಳಲ್ಲಿ ಉದ್ದಕ್ಕೆ ಬೆಳೆದು ಹೊರಗಿನಿಂದ ಆಹಾರ ಹೀರುತ್ತವೆ. ಬೀಜ ಮಣ್ಣಿಗೆ ಬಿದ್ದ ಮೇಲೆ ಶಿಲೀಂಧ್ರ ನೆರವಾಗುತ್ತದೆ. ಸ್ವಾಮಿ ಮೊದಲ ಕೋಶವಿಭಜನೆಗಳ ಕ್ರಮವನ್ನೂ ಈ ಬಾಲದ ನಡವಳಿಕೆಯನ್ನೂ ಜಾತಿಯಿಂದ ಜಾತಿಗೆ ಹೋಲಿಸಿ ನೋಡಿದರು. 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಎರಡು ಕಂತುಗಳಾಗಿ ಬಂದ ಈ ಕೆಲಸವನ್ನು ಆರ್ಕಿಡ್ ಭ್ರೂಣದ ಬಗ್ಗೆ ಬರೆಯುವವರು ಇಂದಿಗೂ ಉಲ್ಲೇಖಿಸುತ್ತಾರೆ.

ಆ ಹೊತ್ತಿಗೆ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನಿ ಇರ್ವಿಂಗ್ ಬೈಲಿ ಅವರ ಜೊತೆಗಿದ್ದರು. ಹೂಬಿಡುವ ಸಸ್ಯಗಳಲ್ಲಿ ಎಲ್ಲಕ್ಕಿಂತ ಹಳೆಯ ಚಹರೆ ಉಳಿಸಿಕೊಂಡವು ಯಾವುವು ಎಂಬುದು ಬೈಲಿಯ ಹುಡುಕಾಟ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಅಂಬೊರೆಲ್ಲ ಎಂಬ ಪೊದೆಯ ಕಟ್ಟಿಗೆಯಲ್ಲಿ, ಬೇರೆ ಮರಗಳಲ್ಲಿರುವ ನೀರು ಹರಿಸುವ ಅಗಲ ನಾಳಗಳಿಲ್ಲ ಎಂದು ಇಬ್ಬರೂ 1948ರಲ್ಲಿ ಬರೆದರು. ಆಗ ಅದೊಂದು ವಿಚಿತ್ರ ಗಿಡ, ಅಷ್ಟೆ. 1999ರಲ್ಲಿ ಡಿ.ಎನ್.ಎ. ಹೋಲಿಕೆಗಳು ಬಂದಾಗ, ಹೂಬಿಡುವ ಸಸ್ಯಗಳ ವಂಶವೃಕ್ಷದ ಬುಡದಲ್ಲೇ ಬೇರೆಯಾದ ಕವಲು ಅಂಬೊರೆಲ್ಲ ಎಂದು ಗೊತ್ತಾಯಿತು. ನೋಡಲು ಸ್ವಾಮಿ ಇರಲಿಲ್ಲ.

1951ರಲ್ಲಿ ಬೈಲಿ ಮತ್ತು ಸ್ವಾಮಿ ಕಾರ್ಪೆಲ್ ಕುರಿತು ಬರೆದ ಲೇಖನ ಹೆಚ್ಚು ಹೆಸರಾಯಿತು. ಹೂವಿನ ಅಂಗಗಳೆಲ್ಲ ಮಾರ್ಪಟ್ಟ ಎಲೆಗಳು ಎಂದು ಜರ್ಮನಿಯ ಕವಿ ಗೊಯೆಥೆ 1790ರಲ್ಲೇ ಹೇಳಿದ್ದ. ಮುಂದೆ ಬೀಜವಾಗುವ ಅಂಡಕಗಳನ್ನು ಮುಚ್ಚಿಡುವ ಕಾರ್ಪೆಲ್ ಕೂಡ ನಡುನರದ ಮೇಲೆ ಮಡಚಿದ ಎಲೆಯಂಥದ್ದು ಎಂದು ಇವರು ತೋರಿಸಿದರು. ಫಿಜಿಯ ಡಿಜೆನೇರಿಯ ಮರ ಸಾಕ್ಷಿ: ಅದರ ಕಾರ್ಪೆಲ್‌ನ ಅಂಚುಗಳು ಬೆಸೆದುಕೊಂಡಿರುವುದಿಲ್ಲ, ಮಡಿಕೆಯ ಸಂದನ್ನು ಕೂದಲುಗಳು ತುಂಬಿರುತ್ತವೆ. ಈ ಚಿತ್ರ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ನಿಂತಿತು. ಆದರೆ ಅಂಬೊರೆಲ್ಲದ ಕಾರ್ಪೆಲ್ ಮಡಚಿದ ಎಲೆಯಂತೆ ಬೆಳೆಯದೆ ಚೀಲದಂತೆ ಬೆಳೆಯುತ್ತದೆ. ಹೀಗಾಗಿ ಅತ್ಯಂತ ಹಳೆಯದು ಮಡಿಕೆಯಲ್ಲ, ಚೀಲ ಎಂಬ ವಾದ ಮುಂದೆ ಬಲವಾಯಿತು. ತಾವೇ ಬೆಳಕಿಗೆ ತಂದ ಗಿಡ ತಮ್ಮ ಸಿದ್ಧಾಂತದ ವಿರುದ್ಧ ಸಾಕ್ಷಿ ಹೇಳಿದಂತಾಯಿತು. ಇನ್ನೊಂದು ಮಾತೂ ನಿಲ್ಲಲಿಲ್ಲ: ಅಂಬೊರೆಲ್ಲದಂತೆ ಸಾರ್ಕಾಂಡ್ರ ಎಂಬ ಸಸ್ಯಕುಲದಲ್ಲೂ ನಾಳಗಳಿಲ್ಲ ಎಂದು ಅವರಿಬ್ಬರು 1950ರಲ್ಲಿ ಬರೆದದ್ದನ್ನು 1987ರಲ್ಲಿ ಸಸ್ಯವಿಜ್ಞಾನಿ ಕಾರ್ಲ್‌ಕ್ವಿಸ್ಟ್ ತಿದ್ದಿದರು; ನಾಳಗಳಿದ್ದವು. ಆ ಕುಲದ ಒಂದು ಪ್ರಭೇದಕ್ಕೆ ಸ್ವಾಮಿ ಇಟ್ಟ ಹೆಸರಿನಲ್ಲಿ ಮಾತ್ರ ಇರ್ವಿಂಗ್ ಬೈಲಿ ಉಳಿದಿದ್ದಾರೆ.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಅವರ ದೀರ್ಘ ಕಾಲದ ಕಾರ್ಯಕ್ಷೇತ್ರ. ಅಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ, ಶಿಷ್ಯರನ್ನು ಕಟ್ಟಿಕೊಂಡು ಮತ್ತೆ ಬೀಜದೊಳಕ್ಕೆ ಮರಳಿದರು. ಭ್ರೂಣಾಹಾರ ಬೆಳೆಯುವ ಬಗೆ ಮೂರು. ಎಳನೀರಿನಲ್ಲಿರುವಂತೆ ಗೋಡೆಯಿಲ್ಲದೆ ಕೋಶಕೇಂದ್ರಗಳಷ್ಟೇ ಹೆಚ್ಚುವುದು ಒಂದು. ಪ್ರತಿ ವಿಭಜನೆಗೂ ಗೋಡೆ ಏಳುವುದು ಇನ್ನೊಂದು. ಮೊದಲ ವಿಭಜನೆಗೆ ಗೋಡೆ ಎದ್ದು ದೊಡ್ಡದೊಂದು, ಚಿಕ್ಕದೊಂದು ಕೋಣೆಯಾಗುವ ಹೆಲೋಬಿಯಲ್ ಬಗೆ ಮೂರನೆಯದು. ಈ ಮೂರನೆಯದರ ಮೇಲೆ ಸಹಲೇಖಕ ಪರಮೇಶ್ವರನ್ ಜೊತೆ 1963ರಲ್ಲಿ ಅವರು ವಿಮರ್ಶಾಲೇಖನ ಬರೆದರು.

ಇನ್ನೊಂದು ಪ್ರಶ್ನೆ ಒಂದು ಬೀಜದಳದ ಗಿಡಗಳದು. ಕುಷ್ಟಗಿ ಸೀಮೆಯ ಹುರಿದ ಶೇಂಗಾ ಸೀಳಿದರೆ ಎರಡು ಬೇಳೆ, ಅಂದರೆ ಎರಡು ಬೀಜದಳ; ನಡುವೆ ತುದಿಯಲ್ಲಿ ಎಳೆ ಕುಡಿ. ಎರಡು ಬೀಜದಳದ ನಡುವೆ ಒಂದು ಕುಡಿ ಎನ್ನುವಾಗ ಗೊಂದಲವಿಲ್ಲ. ಯಲಬುರ್ಗಾದ ಎರೆಹೊಲದ ಜೋಳಕ್ಕೆ ಬೀಜದಳ ಒಂದೇ. ಅಂಥ ಗಿಡಗಳಲ್ಲಿ ತುದಿಯ ಜಾಗ ಬೀಜದಳದ್ದೊ, ಕುಡಿಯದೊ? ಬೆಳೆದ ಮೊಳಕೆ ನೋಡಿ ವಾದಿಸುವ ಬದಲು ಸ್ವಾಮಿ ಮತ್ತು ಸಹಲೇಖಕ ಲಕ್ಷ್ಮಣನ್ ಹ್ಯಾಲೋಫಿಲ ಎಂಬ ಕಡಲಗಿಡದಲ್ಲಿ ಎರಡರ ಹುಟ್ಟನ್ನೂ ಭ್ರೂಣದ ಮೊದಲ ಕೆಲವೇ ಕೋಶಗಳಲ್ಲಿ ಹುಡುಕಿ 1962ರಲ್ಲಿ ವರದಿ ಮಾಡಿದರು.

ಕನ್ನಡದ ಪುಸ್ತಕಗಳು ಇದೇ ಮೇಜಿನಿಂದ ಬಂದವು. ವಿದ್ಯಾರ್ಥಿಗಳೊಡನೆ ಘಟ್ಟದ ಕಾಡು ಸುತ್ತಿದ ಕಥನ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು; ತಂದೆಗೆ ಅದೇ ಪ್ರಶಸ್ತಿ 1967ರಲ್ಲಿ ಬಂದಿತ್ತು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಓದಿದವರಿಗೆ ರೊಟ್ಟಿಯ ಪಕ್ಕದ ಕೆಂಪುಚಟ್ನಿಯ ಮೆಣಸಿನಕಾಯಿ ಕಡಲು ದಾಟಿ ಬಂದದ್ದೆಂದು ತಿಳಿಯುತ್ತದೆ. ‘ಶಾಸನಗಳಲ್ಲಿ ಗಿಡಮರಗಳು’ ಕಲ್ಲಿನ ಮೇಲಿನ ಸಸ್ಯನಾಮಗಳನ್ನು ಹೆಕ್ಕಿತು. ಚೂರುಗಳನ್ನು ಕ್ರಮಕ್ಕೆ ಜೋಡಿಸುವ ಅದೇ ಚಟ ಇಲ್ಲೂ ಕಾಣುತ್ತದೆ. ಹೂವಿನಿಂದ ಹಣ್ಣಿನವರೆಗಿನ ಭ್ರೂಣಶಾಸ್ತ್ರವನ್ನು ಒಟ್ಟಾಗಿ ಹೇಳುವ ಇಂಗ್ಲಿಷ್ ಗ್ರಂಥವನ್ನು ಶಿಷ್ಯ ಕೆ.ವಿ. ಕೃಷ್ಣಮೂರ್ತಿ ಅವರೊಡನೆ ಬರೆದರು. ಅದು ಪ್ರಕಟವಾದದ್ದು 1980ರಲ್ಲಿ. ಆ ವರ್ಷದ ನವೆಂಬರ್ 2ರಂದು ಸ್ವಾಮಿ ತೀರಿಕೊಂಡರು.