ತಾಯಿಯ ಬಳಿ, ಮಾವನ ಪಟ್ಟೆ

ಉತ್ತರ ಕರ್ನಾಟಕದ ಊರುಗಳಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಮನೆಯ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನು ಒಂದೊಂದಾಗಿ ಹೇಳುತ್ತಾರೆ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ, ಕಾಳೋ ಕಾಸೋ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಹರಿದ್ವಾರದ ಪಂಡಾಗಳ ಬಹಿಗಳೂ ಇದೇ ಕೆಲಸ ಮಾಡುತ್ತ ಬಂದಿವೆ. ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆ ಅವನ್ನು ಮೈಕ್ರೋಫಿಲ್ಮ್ ಮಾಡಿಕೊಂಡದ್ದೂ ಉಂಟು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಗೆ ಹೆಳವರೂ ಇಲ್ಲ, ಪಂಡಾಗಳೂ ಇಲ್ಲ. ಇಲ್ಲಿ ಒಂದು ಮನೆತನದ ಪೂರ್ವಜರ ಸುದ್ದಿ ಒಬ್ಬರ ಕೈಯಲ್ಲಿ ಎಂದೂ ಇರಲಿಲ್ಲ. ಅದರ ಒಂದು ತುಂಡು ಮೂಲಮನೆಯ ಹಿರಿಯ ಹೆಂಗಸಿನ ನೆನಪಿನಲ್ಲಿದೆ, ಇನ್ನೊಂದು ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ, ಮತ್ತೊಂದು ಮುನ್ಸಿಫ್ ಕೋರ್ಟಿನ ಹಳೆಯ ದಾವೆಯಲ್ಲಿ, ಉಳಿದದ್ದು ಮುಂಬೈಗೆ ಹೋದವರ ಪೆಟ್ಟಿಗೆಯಲ್ಲಿ. ಈಗ ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಚೀಟು, ಪಟ್ಟೆ, ಫೋಟೋ ಹಂಚಿಕೊಳ್ಳುತ್ತಿರುವ ಹವ್ಯಾಸಿಗಳನ್ನು ಕಂಡು ಇತಿಹಾಸಕಾರರು ಮುಗುಳ್ನಗುವುದಿದೆ. ಆದರೆ ಈ ಸೀಮೆಯ ಮಟ್ಟಿಗೆ ಹತ್ತು ಜನ ಕೂಡಿ ಹುಡುಕುವುದು ಬಿಡುವಿನ ವೇಳೆಯ ಆಟವಲ್ಲ. ಆಧಾರಗಳು ಚೆದುರಿರುವ ರೀತಿಗೆ ಹೊಂದುವ ಕ್ರಮ ಅದೊಂದೇ.

ಕಾರಣ ತಿಳಿಯಬೇಕಾದರೆ ಅಳಿಯಸಂತಾನಕ್ಕೆ ಬರಬೇಕು. ಬಂಟರು, ಮೊಗವೀರರು, ಬಿಲ್ಲವರು ಮೊದಲಾದ ಸಮುದಾಯಗಳಲ್ಲಿ ಕುಟುಂಬ ಬೆಳೆದದ್ದು ತಾಯಿಯ ಕಡೆಯಿಂದ. ಕುಲದ ಗುರುತಿಗೆ ಇಲ್ಲಿ ಬಳಿ ಎನ್ನುತ್ತಾರೆ; ಮಗುವಿನ ಬಳಿ ಎಂದರೆ ತಾಯಿಯ ಬಳಿ. ಒಂದೇ ಬಳಿಯವರು ತಮ್ಮೊಳಗೆ ಮದುವೆಯಾಗುವುದಿಲ್ಲ. ಆಸ್ತಿ ಅಪ್ಪನಿಂದ ಮಗನಿಗೆ ಹೋಗುತ್ತಿರಲಿಲ್ಲ, ಸೋದರಮಾವನಿಂದ ಅಳಿಯನಿಗೆ ಬರುತ್ತಿತ್ತು. ಬಾರಕೂರಿನ ಭೂತಾಳಪಾಂಡ್ಯ ಈ ಕಟ್ಟಳೆಯನ್ನು ಮಾಡಿದನೆಂಬ ಕಥೆ ಎಲ್ಲರಿಗೂ ಗೊತ್ತು. ಶಾಲಿವಾಹನ ಶಕದ ಆರಂಭಕ್ಕೇ ಅದನ್ನು ಒಯ್ಯುವ ಆ ಕಥೆಯನ್ನು ಇತಿಹಾಸವೆಂದು ಒಪ್ಪುವುದು ಕಷ್ಟ, ಆದರೆ ಪದ್ಧತಿ ಹಳೆಯದೆಂಬುದರಲ್ಲಿ ಸಂಶಯವಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ವಂಶವೃಕ್ಷದ ನಮೂನೆಗಳೆಲ್ಲ ಅಪ್ಪ, ಅಜ್ಜ, ಮುತ್ತಜ್ಜ ಎಂದು ಒಂದು ಅಡ್ಡಹೆಸರಿನ ಬೆನ್ನು ಹಿಡಿಯುತ್ತವೆ. ಇಲ್ಲಿ ಅಡ್ಡಹೆಸರು ಹೇಳುವುದು ಬಹಳ ಕಡಿಮೆ. ಶೆಟ್ಟಿ, ಹೆಗ್ಡೆ ಎಂಬ ಹೆಸರಿನವರು ಪ್ರತಿ ಗ್ರಾಮದಲ್ಲೂ ಇದ್ದಾರೆ, ಒಬ್ಬರಿಗೊಬ್ಬರು ರಕ್ತಸಂಬಂಧಿಗಳಾಗಬೇಕೆಂದಿಲ್ಲ. ಗುರುತು ಸಿಗುವುದು ಮನೆಯ ಹೆಸರಿನಿಂದ: ಮೇಲ್ಮನೆ, ಕೆಳಮನೆ, ಹೊಸಮನೆ. ಮನೆ ಬಿಟ್ಟು ಬೇರೆ ಕಡೆ ಬಿಡಾರ ಹೂಡಿದರೆ ಆ ಹೆಸರೂ ಬದಲಾಗುತ್ತದೆ. ಕೊನೆಗೆ ಜಗ್ಗದೆ ಉಳಿಯುವುದು ಬಳಿಯೊಂದೇ. ಅದನ್ನು ಯಾವ ಸರ್ಕಾರಿ ಕಾಗದವೂ ಕೇಳಲಿಲ್ಲ. ಮದುವೆ ಮಾತುಕತೆಗೆ ಕೂತ ಹಿರಿಯರು ಮಾತ್ರ ಕೇಳುತ್ತಿದ್ದರು.

ಕಾಗದವನ್ನಷ್ಟೇ ನಂಬಿ ಹೊರಟವರು ಇಲ್ಲಿ ಎಡವುವ ಜಾಗ ಒಂದಿದೆ. ಪಟ್ಟೆ ಎಂಬ ಭೂದಾಖಲೆಯಲ್ಲಿ ಒಂದೇ ಜಮೀನಿಗೆ ಒಬ್ಬರ ನಂತರ ಒಬ್ಬರಂತೆ ಮೂರು ಹೆಸರು ಸಿಕ್ಕಿತೆನ್ನೋಣ. ಬಯಲುಸೀಮೆಯ ಅಭ್ಯಾಸದಲ್ಲಿ ಅದನ್ನು ಅಜ್ಜ, ಮಗ, ಮೊಮ್ಮಗ ಎಂದು ಓದಿಬಿಡುತ್ತೇವೆ. ಅಳಿಯಸಂತಾನದ ಕುಟುಂಬದಲ್ಲಿ ಯಜಮಾನಿಕೆ ಹೋಗುತ್ತಿದ್ದದ್ದು ಹಿರಿತನದ ಮೇಲೆ. ಹಿರಿಯ ತೀರಿಕೊಂಡರೆ ಅವನ ತಮ್ಮ, ತಮ್ಮನ ನಂತರ ಅವರ ಅಕ್ಕನ ಮಗ. ಕೆಲವು ಕಡೆ ಅಕ್ಕನೇ ಯಜಮಾನ್ತಿ. ಆದ್ದರಿಂದ ಪಟ್ಟೆಯ ಮೂರು ಹೆಸರು ಒಂದೇ ತಲೆಮಾರಿನ ಅಣ್ಣತಮ್ಮಂದಿರದ್ದಾಗಿರಬಹುದು, ಮಾವ-ಅಳಿಯರದ್ದಾಗಿರಬಹುದು. ಅಪ್ಪ-ಮಗನದ್ದಾಗಿರುವ ಸಾಧ್ಯತೆಯೇ ಎಲ್ಲಕ್ಕಿಂತ ಕಡಿಮೆ. ಹೆಣ್ಣು ಸಂತಾನ ನಿಂತುಹೋಗುವ ಭಯವಿದ್ದ ಕುಟುಂಬಗಳು ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುತ್ತಿದ್ದುದರಿಂದ ರಕ್ತದ ಎಳೆಯೂ ಕುಟುಂಬದ ಎಳೆಯೂ ಒಂದೇ ಆಗಿರಬೇಕಿಲ್ಲ. ಇವರಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಪಟ್ಟೆ ಹೇಳುವುದಿಲ್ಲ. ಹೇಳಬಲ್ಲವಳು ಪಟ್ಟೆಯಲ್ಲಿ ಹೆಸರೇ ಇಲ್ಲದ ಅಕ್ಕ, ಅಥವಾ ಅವಳ ಕಥೆ ಕೇಳಿಸಿಕೊಂಡ ಮೊಮ್ಮಗಳು. ಆ ಮೊಮ್ಮಗಳು ಈಗ ಹೆಮ್ಮಾಡಿಯಲ್ಲಿರಬಹುದು, ಡೊಂಬಿವಲಿಯಲ್ಲಿರಬಹುದು, ದುಬೈಯಲ್ಲಿರಬಹುದು.

ಇದಕ್ಕೆ ಅಪವಾದವಾದ ದಾಖಲೆ ಒಂದುಂಟು: ಪಾಲಿನ ದಾವೆ. ಅಳಿಯಸಂತಾನದ ಕುಟುಂಬದಲ್ಲಿ ಒಬ್ಬ ಸದಸ್ಯ ಒತ್ತಾಯಿಸಿ ಪಾಲು ಕೇಳುವಂತಿಲ್ಲ ಎಂದು ಮದ್ರಾಸ್ ಹೈಕೋರ್ಟು 1863ರಲ್ಲಿ ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗ್ಸು ಪ್ರಕರಣದಲ್ಲಿ ತೀರ್ಪಿತ್ತಿತು. ಎಲ್ಲರೂ ಒಪ್ಪಿದರಷ್ಟೇ ಪಾಲು. ಪರಿಣಾಮವಾಗಿ ಜೀವನಾಂಶಕ್ಕೆ, ಯಜಮಾನಿಕೆಗೆ, ಯಜಮಾನ ಮಾಡಿದ ಸಾಲಕ್ಕೆ ವ್ಯಾಜ್ಯಗಳು ಬೆಳೆದವು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ತೆರೆಯಿತು. ಪಾಲಿನ ಘಟಕವಾಗಿ ಅದು ಹಿಡಿದದ್ದು ಕವರನ್ನು, ಅಂದರೆ ಒಬ್ಬಳು ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಬೆಳೆದ ಅವಳ ಸಂತತಿ. 50 ವರ್ಷ ತುಂಬದ ಹೆಣ್ಣು ಒಬ್ಬಳಾದರೂ ಇದ್ದರೆ ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಇದನ್ನು ಕೋರ್ಟಿನಲ್ಲಿ ರುಜುಪಡಿಸಲು ವಕೀಲರು ದಾವೆಯ ಜೊತೆ ವಂಶಾವಳಿ ಲಗತ್ತಿಸಲೇಬೇಕಾಯಿತು. ಮೂಲ ಹೆಂಗಸಿನಿಂದ ಹಿಡಿದು ಬದುಕಿರುವ ಕೂಸಿನವರೆಗೆ ಎಲ್ಲರ ಹೆಸರೂ ಅದರಲ್ಲಿ ಬಂತು. ಕುಟುಂಬಗಳು ಒಡೆದ ಹೊತ್ತಿನಲ್ಲೇ ಅವುಗಳ ಚರಿತ್ರೆ ಬರಹಕ್ಕೆ ಇಳಿಯಿತು. ಎದುರು ಕಕ್ಷಿಯವರು ತಪ್ಪು ಹುಡುಕಲು ಕಾದು ಕೂತಿರುತ್ತಿದ್ದರಾದ್ದರಿಂದ ಈ ವಂಶಾವಳಿಗಳಿಗೆ ಹೆಮ್ಮೆಗಾಗಿ ಬರೆಸಿದ ಮನೆತನದ ಚರಿತ್ರೆಗಳಿಗಿಂತ ಹೆಚ್ಚಿನ ಬೆಲೆ ಕೊಡಬೇಕು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಅಳಿಯಸಂತಾನದವರ ಅವಿಭಕ್ತ ಹಕ್ಕು ಕೂಡ ಹೆಂಡತಿ ಮಕ್ಕಳಿಗೆ ಇಳಿಯತೊಡಗಿತು. ಹಾಗಾಗಿ ಇಲ್ಲಿಯ ವಂಶವೃಕ್ಷ 1956ರ ಆಸುಪಾಸಿನಲ್ಲಿ ದಾರಿ ಬದಲಿಸುತ್ತದೆ. ಅದಕ್ಕೆ ಮೊದಲು ತಾಯಿಯ ಕಡೆ ಹೋಗಬೇಕು, ನಂತರ ಅಪ್ಪನ ಕಡೆ. ಒಂದೇ ನಮೂನೆಯಲ್ಲಿ ಎರಡನ್ನೂ ತುಂಬಿಸಲು ಹೋದವರ ಚಿತ್ರ ಕಲಸುಮೇಲೋಗರವಾಗುವುದು ಇದರಿಂದಲೇ.

ಕಾಗದಗಳ ಊರೂ ಒಂದೇ ಅಲ್ಲ. 1799-1800ರಲ್ಲಿ ಕೆನರಾದ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಶ್ಯಾನುಭೋಗರ ಕಡತಗಳನ್ನು ತರಿಸಿ, ಇಲ್ಲಿಯ ಭೂಕಂದಾಯದ ಲೆಕ್ಕವನ್ನು ವಿಜಯನಗರದ ಹರಿಹರನ ಕಾಲದವರೆಗೆ ಹಿಂದಕ್ಕೆ ಒಯ್ದ. ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಆ ಕಡತಗಳಲ್ಲಿ ಲೆಕ್ಕ ಇದ್ದದ್ದು ವರ್ಗಗಳ ಮೇಲೆ, ಅಂದರೆ ಒಂದು ಹೆಸರಿನಲ್ಲಿ ಕಂದಾಯ ಕಟ್ಟುವ ಹಿಡುವಳಿಗಳ ಮೇಲೆ. 20ನೇ ಶತಮಾನದ ಆರಂಭದಲ್ಲಿ ಸರ್ವೆ ಸೆಟ್ಲ್‌ಮೆಂಟ್ ಮುಗಿದಾಗ ವರ್ಗದ ಜಾಗಕ್ಕೆ ಸರ್ವೆ ನಂಬರು ಬಂತು. ಇವೆರಡನ್ನೂ ಜೋಡಿಸಬಲ್ಲ ಯಾರಾದರೂ ಸಿಗದಿದ್ದರೆ ಹಳೆಯ ಕಾಗದ ಹೊಸ ಕಾಗದಕ್ಕೆ ಅಂಟುವುದಿಲ್ಲ. ಆಡಳಿತದ ಗಡಿಗಳೂ ಕಡಿಮೆ ಕಾಟ ಕೊಟ್ಟಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಹೋಯಿತು, ಕುಂದಾಪುರ ತಾಲೂಕು ಮದ್ರಾಸಿನಲ್ಲೇ ಉಳಿಯಿತು. ಶಿರೂರಿನಿಂದ ಭಟ್ಕಳಕ್ಕೆ ಹೆಣ್ಣು ಕೊಟ್ಟು ತಂದ ಮನೆಗಳ ದಾಖಲೆ ಹೀಗೆ ಎರಡು ಪ್ರಾಂತ್ಯಗಳಿಗೆ ಹಂಚಿಹೋಯಿತು. 1956ರವರೆಗಿನ ಮೇಲ್ಮಟ್ಟದ ಕಡತಗಳಿಗೆ ಚೆನ್ನೈ ಎಗ್ಮೋರಿನ ದಾಖಲೆ ಭಂಡಾರ, ಆಮೇಲಿನದಕ್ಕೆ ಮಂಗಳೂರು, 1997ರಲ್ಲಿ ಜಿಲ್ಲೆ ಒಡೆದ ಮೇಲೆ ಉಡುಪಿ. ಬೈಂದೂರು, ಬ್ರಹ್ಮಾವರ ಬೇರೆ ತಾಲೂಕುಗಳಾದದ್ದು ತೀರ ಈಚೆಗೆ. ಬಾರಕೂರಿನ ಹಳೆಯ ಕಾಗದವನ್ನು ಈಗಲೂ ಉಡುಪಿ ತಾಲೂಕಿನ ಹೆಸರಿನಡಿಯೇ ಹುಡುಕಬೇಕು. ಚೆನ್ನೈಯಲ್ಲಿರುವ ಒಬ್ಬ ನಿವೃತ್ತ ಗುಮಾಸ್ತ, ಮಂಗಳೂರಿನಲ್ಲಿರುವ ಒಬ್ಬ ಕಾಲೇಜು ಹುಡುಗ, ಊರಲ್ಲೇ ಉಳಿದ ಒಬ್ಬ ದಸ್ತಾವೇಜು ಬರಹಗಾರ, ಮೂವರೂ ಸೇರಿದರೆ ಅರ್ಧ ದಾರಿ ಸವೆಯುತ್ತದೆ.

ತಂದೆಯ ಕಡೆಯಿಂದ ವಂಶ ಎಣಿಸುವ ಸಮುದಾಯಗಳ ಸ್ಥಿತಿ ತುಸು ವಾಸಿ. ಸಾಲಿಗ್ರಾಮದ ಗುರುನರಸಿಂಹನಿಗೆ ನಡೆದುಕೊಳ್ಳುವ ಕೋಟ ಬ್ರಾಹ್ಮಣರಲ್ಲಿ ಕಾರಂತ, ಐತಾಳ, ಹೊಳ್ಳ, ಮಯ್ಯ, ಹಂದೆ ಮುಂತಾದ ಅಡ್ಡಹೆಸರುಗಳು ಗೋತ್ರದ ಜೊತೆ ಕೂಡಿ ಒಳ್ಳೆಯ ಸುಳಿವು ಕೊಡುತ್ತವೆ. ಗಂಗೊಳ್ಳಿ, ಬಸ್ರೂರಿನ ಗೌಡ ಸಾರಸ್ವತರಿಗೆ ಗೋವಾದ ಕುಲದೇವರ ದೇವಸ್ಥಾನ ಇನ್ನೊಂದು ತುದಿ. ಕ್ರೈಸ್ತರಿಗೆ ಇಗರ್ಜಿಯ ದೀಕ್ಷಾಸ್ನಾನದ, ಮದುವೆಯ, ಮರಣದ ಪುಸ್ತಕಗಳಿವೆ. ಆದರೆ ಕುಂದಾಪುರದ ರೋಜರಿ ಇಗರ್ಜಿ 1570ರಷ್ಟು ಹಳೆಯದೆಂದ ಮಾತ್ರಕ್ಕೆ ಅಲ್ಲಿಂದಲೇ ಹೆಸರು ಸಿಗುತ್ತದೆಂದು ಹೊರಡುವಂತಿಲ್ಲ. 1784ರಲ್ಲಿ ಟಿಪ್ಪು ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳ ಜೊತೆ ಪುಸ್ತಕಗಳೂ ಹಾಳಾದವು. 1889ರಲ್ಲಿ ಅಲ್ವಾರಿಸ್ ಮಾರ್ ಜೂಲಿಯಸ್ ಬಿಷಪ್ ಆದ ಮೇಲೆ ಬ್ರಹ್ಮಾವರದ ಕೆಲವು ಕೊಂಕಣಿ ಕುಟುಂಬಗಳು ಆರ್ಥೊಡಾಕ್ಸ್ ಸಭೆಗೆ ಸೇರಿದವು. ಹೀಗಾಗಿ ಅಣ್ಣನ ಮಕ್ಕಳು ಒಂದು ಇಗರ್ಜಿಯ ಪುಸ್ತಕದಲ್ಲಿ, ತಮ್ಮನ ಮಕ್ಕಳು ಇನ್ನೊಂದರಲ್ಲಿ ಇರಬಹುದು. ಇಲ್ಲೂ ಇಬ್ಬರು ಕೂಡದೆ ಕೆಲಸ ಸಾಗದು.

ಹವ್ಯಾಸಿಗಳ ಬಳಿ ಇರುವ, ಯಾವ ಭಂಡಾರದಲ್ಲೂ ಇಲ್ಲದ ಸಾಮಗ್ರಿ ಮುಂಬೈಯದು. ಹೋಟೆಲಿನ ಕೆಲಸಕ್ಕೆ, ಗಿರಣಿಗೆ, ಬಂದರಿಗೆ ಎಂದು ಈ ಸೀಮೆಯವರು ಅಲ್ಲಿಗೆ ಹೋಗಲು ತೊಡಗಿ ನೂರು ವರ್ಷ ದಾಟಿತು. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಇಂಥ ಸಂಘಗಳ ಪತ್ರಿಕೆ, ಸ್ಮರಣಸಂಚಿಕೆಗಳಲ್ಲಿ ಅಚ್ಚಾದ ಮರಣವಾರ್ತೆ, ಮದುವೆಯ ಸುದ್ದಿ, ದಾನಿಗಳ ಪಟ್ಟಿ ನೋಡಿ. ಹೆಸರಿನ ಜೊತೆ ಊರು, ಮನೆ, ಕೆಲವೊಮ್ಮೆ ಮಾವನ ಹೆಸರು, ಎಲ್ಲವೂ ಅಲ್ಲಿವೆ. ಊರಲ್ಲಿದ್ದವರಿಗೆ ಇದನ್ನು ಬರೆದಿಡುವ ಅಗತ್ಯ ಬರಲಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿದ್ದರು. ದೂರ ಹೋದವರಿಗೆ ತಾವು ಯಾರೆಂದು ಹೇಳಿಕೊಳ್ಳಬೇಕಾಯಿತು.

ಈ ಕೂಡಿ ಹುಡುಕುವ ಕ್ರಮದ ಮೇಲೆ ಆಕ್ಷೇಪಗಳಿವೆ, ಅವು ಹಗುರವಲ್ಲ. ಮೊದಲನೆಯದು ನಾಗನದು. ಮೂಲ ಹುಡುಕುವವರಲ್ಲಿ ದೊಡ್ಡ ಪಾಲು ಹೊರಡುವುದೇ ಮೂಲಸ್ಥಾನದ ನಾಗಬನ ಎಲ್ಲಿ ಎಂದು. ಮನೆಯಲ್ಲಿ ತೊಂದರೆ ಬಂದಾಗ ಜ್ಯೋತಿಷಿಯಿಂದ ಪ್ರಶ್ನೆ ಇಡಿಸುತ್ತಾರೆ, ಅಷ್ಟಮಂಗಲದಲ್ಲಿ ದಿಕ್ಕು ಬರುತ್ತದೆ, ಆ ದಿಕ್ಕಿನ ಒಂದು ಬನವನ್ನು ತಮ್ಮದೆಂದು ಒಪ್ಪುತ್ತಾರೆ. ನಂಬಿಕೆಯಿಂದ ಹೊರಟ ಹುಡುಕಾಟ ಚರಿತ್ರೆಯಾದೀತೇ ಎಂಬುದು ಆಕ್ಷೇಪ. ಪ್ರಶ್ನೆಯಲ್ಲಿ ಬಂದ ಮಾತು ಪುರಾವೆಯಲ್ಲ, ಅದನ್ನು ಪುರಾವೆಯ ಕಾಲಮ್ಮಿನಲ್ಲಿ ಬರೆಯಲೇಬಾರದು. ಆದರೆ ಬನ ಮಾತ್ರ ಪುರಾವೆಯೇ. ಹಲವು ಕುಟುಂಬಗಳು ಪ್ರಶ್ನೆಯ ಗೊಡವೆಯಿಲ್ಲದೆ, ತಲೆಮಾರುಗಳಿಂದ ಒಂದೇ ಬನಕ್ಕೆ ನಾಗರಪಂಚಮಿಯ ದಿನ ತನು ಎರೆಯಲು ಬರುತ್ತಿದ್ದರೆ ಅವುಗಳ ನಡುವೆ ಹಳೆಯ ನಂಟು ಇದ್ದಿರಬೇಕು, ಕುಟುಂಬದ್ದೋ ಜಮೀನಿನದೋ. ಬನವಿರುವ ಜಾಗದ ಹಳೆಯ ವರ್ಗ ಯಾರದ್ದೆಂದು ಕಾಗದದಲ್ಲಿ ನೋಡಿದರೆ ಎರಡರಲ್ಲಿ ಯಾವುದೆಂದು ತೀರ್ಮಾನಿಸಲೂಬಹುದು. ನಾಗನ ಮುಂದೆ ವರ್ಷಕ್ಕೊಮ್ಮೆ ಸೇರುವ ಜನ ಒಟ್ಟಾಗಿ ಒಂದು ಜೀವಂತ ಪಟ್ಟಿ. ಅದನ್ನು ಬರೆದುಕೊಳ್ಳುವವರು ಬೇಕಿತ್ತು, ಈಗ ಬಂದಿದ್ದಾರೆ.

ಎರಡನೆಯ ಆಕ್ಷೇಪ ಇನ್ನೂ ಖಾರದ್ದು: ಹತ್ತು ಜನ ಸೇರಿದರೆ ಸತ್ಯಕ್ಕಿಂತ ತಪ್ಪು ಬೇಗ ಹರಡುತ್ತದೆ. ಇದು ನಿಜ. ಅಜ್ಜನ ಹೆಸರನ್ನೋ ಮಾವನ ಹೆಸರನ್ನೋ ಮತ್ತೆ ಮಗುವಿಗೆ ಇಡುವ ರೂಢಿಯಿರುವಲ್ಲಿ ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ಬರೆಯುವುದು ಸುಲಭ. ಒಬ್ಬರು ಬರೆದದ್ದನ್ನು ಇಪ್ಪತ್ತು ಜನ ನಕಲಿಸಿದರೆ ಅದಕ್ಕೆ ಇಪ್ಪತ್ತು ಸಾಕ್ಷಿಗಳಿದ್ದಂತೆ ಕಾಣುತ್ತದೆ. ಒಂಟಿಯಾಗಿ ಬರೆದವನ ತಪ್ಪು ಮಾತ್ರ ಅಚ್ಚಾದ ಪುಸ್ತಕದಲ್ಲಿ ಕೂತು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ನಾಲ್ಕು ಕವರಿನವರು ಒಂದೇ ಹಾಳೆಯನ್ನು ನೋಡುತ್ತಿದ್ದರೆ ಕೆಳಮನೆಯವರ ಹೇಳಿಕೆಗೆ ಮೇಲ್ಮನೆಯವರು ಅಡ್ಡ ಬರುತ್ತಾರೆ. ಜಗಳವೂ ಆಗುತ್ತದೆ, ಆಗಲಿ. ಕೋರ್ಟಿನ ವಂಶಾವಳಿಯನ್ನು ನಂಬಲು ಕಾರಣವಾದದ್ದು ಇದೇ ಅಡ್ಡಮಾತಲ್ಲವೇ? ಪ್ರತಿ ಹೆಸರಿನ ಪಕ್ಕ ಅದು ಬಾಯಿಮಾತೋ, ಪಟ್ಟೆಯೋ, ದಾವೆಯೋ, ಬೇರೊಬ್ಬರ ನಕಲೋ ಎಂದು ಬರೆದಿಟ್ಟರೆ ಸಾಕು, ಆಕ್ಷೇಪದ ಅರ್ಧ ಬಲ ಹೋಗುತ್ತದೆ. ಬಹಳಷ್ಟು ಜನ ಹಾಗೆ ಬರೆಯುತ್ತಿಲ್ಲ ಎಂಬುದೂ ನಿಜ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದದ್ದು. ವಂಶಾವಳಿ ಹುಡುಕುವುದು ಜಾತಿಯ ಹೆಮ್ಮೆಗೆ ಎಣ್ಣೆ ಹೊಯ್ಯುವ ಕೆಲಸ, ಭೂಮಿ ಇದ್ದವರಿಗಷ್ಟೇ ಸಾಧ್ಯವಾಗುವ ವಿಲಾಸ ಎನ್ನುತ್ತಾರೆ. 1801ರಲ್ಲಿ ಈ ದಾರಿಯಾಗಿ ಉತ್ತರಕ್ಕೆ ಹೋದ ಫ್ರಾನ್ಸಿಸ್ ಬುಕಾನನ್ ಕರಾವಳಿಯ ಬೇಸಾಯ ನಡೆಯುತ್ತಿದ್ದುದು ಜೀತದವರ ದುಡಿಮೆಯಿಂದ ಎಂಬುದನ್ನು ಬರೆದಿಟ್ಟಿದ್ದಾನೆ. ಆ ಜನರ ಹೆಸರಿನಲ್ಲಿ ವರ್ಗವಿರಲಿಲ್ಲ, ಮೂಲಗೇಣಿ ಎಂಬ ಕಾಯಂ ಗೇಣಿ ಇರಲಿಲ್ಲ, ಪಾಲಿನ ದಾವೆಯ ಮಾತೇ ಇಲ್ಲ. ಒಕ್ಕಲುಗಳಿಗೆ ಇದ್ದದ್ದು ವರ್ಷವರ್ಷ ಬದಲಾಗುವ ಚಾಲಗೇಣಿಯ ಚೀಟು, ಅದೂ ಧಣಿಯ ಪೆಟ್ಟಿಗೆಯಲ್ಲಿ. ಕೂಡಿ ಹುಡುಕುವುದರ ನಿಜವಾದ ಬಳಕೆ ಇಲ್ಲಿದೆ. ದೊಡ್ಡಮನೆಯವರು ತಮ್ಮ ಗೇಣಿ ಲೆಕ್ಕದ ಪುಸ್ತಕವನ್ನು ಫೋಟೋ ತೆಗೆದು ಹಂಚಿಕೊಂಡರೆ ಅದರಲ್ಲಿ ಅವರ ಹಿರಿಯರಿಗಿಂತ ಒಕ್ಕಲುಗಳ ಹಿರಿಯರ ಹೆಸರೇ ಜಾಸ್ತಿ ಸಿಗುತ್ತವೆ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ತಿದ್ದುಪಡಿ ತಂದಾಗ ಇಲ್ಲಿಯ ಒಕ್ಕಲುಗಳು ಹಾಕಿದ ಡಿಕ್ಲರೇಶನ್, ಅಂದರೆ 7ನೇ ನಮೂನೆಯ ಅರ್ಜಿ, ಅವರಲ್ಲಿ ಅನೇಕ ಕುಟುಂಬಗಳ ಮೊದಲ ಲಿಖಿತ ಚರಿತ್ರೆ. ತಾನು ಎಂದಿನಿಂದ ಈ ಗದ್ದೆ ಮಾಡುತ್ತಿದ್ದೇನೆ, ತನ್ನ ಮೊದಲು ಯಾರು ಮಾಡುತ್ತಿದ್ದರು ಎಂಬುದನ್ನು ಒಕ್ಕಲು ಭೂ ನ್ಯಾಯಮಂಡಳಿಯ ಮುಂದೆ ಹೇಳಬೇಕಿತ್ತು. ಧಣಿ ತಕರಾರು ಮಾಡಿದ ಕಡತಗಳಲ್ಲಿ ನೆರೆಕರೆಯವರ ಸಾಕ್ಷ್ಯವೂ ಇದೆ. ಪಟ್ಟೆಯಲ್ಲಿ, ಕವರಿನ ಪಟ್ಟಿಯಲ್ಲಿ, ಸಂಘದ ಸಂಚಿಕೆಯಲ್ಲಿ ಎಲ್ಲೂ ಕಾಣದ ಹೆಸರುಗಳು ಆ ಕಡತಗಳಲ್ಲಿವೆ. ಬಳಿ ಹುಡುಕುತ್ತ ಮುಂಬೈಯಿಂದ ಬರುವವರು ತಾಲೂಕು ಕಚೇರಿಯಲ್ಲಿ ತಮ್ಮ ಮನೆಯ ಸರ್ವೆ ನಂಬರಿನ ನ್ಯಾಯಮಂಡಳಿ ಕಡತವನ್ನೂ ಕೇಳಿ ತೆಗೆಸಿ, ಅದರ ಒಂದು ಪ್ರತಿಯನ್ನು ಆ ಗದ್ದೆಯ ಒಕ್ಕಲಿನ ಮೊಮ್ಮಕ್ಕಳಿಗೆ ಕಳಿಸಲಿ. ಖರ್ಚು ಒಂದು ಅರ್ಜಿಯದು, ಕೆಲವು ಹಾಳೆಗಳ ಜೆರಾಕ್ಸಿನದು.