ದೇವತೆ ‘ದಿವಾತ’ ಆದ ಬಗೆ

ಫಿಲಿಪ್ಪೀನ್ಸಿನವರ ಮಾತಿನಲ್ಲಿ ‘ದಿವಾತ’ ಎಂಬ ಪದ ಕಿವಿಗೆ ಬಿದ್ದರೆ ಕನ್ನಡಿಗರಿಗೆ ಅದರ ಅರ್ಥ ಹೇಳಬೇಕಾಗಿಲ್ಲ ಎನ್ನಿಸುತ್ತದೆ. ನಮ್ಮ ‘ದೇವತೆ’ಯೇ ಅದು. ಆದರೆ ಮನೀಲಾದ ಮಗುವನ್ನು ಕೇಳಿದರೆ, ದಿವಾತ ಎಂದರೆ ಕಾಡು-ಬೆಟ್ಟಗಳಲ್ಲಿರುವ ಚೆಲುವೆ, ಕಥೆಯ ಯಕ್ಷಿಣಿ ಎಂದೀತು. ಪೂಜೆಯ ಸುದ್ದಿಯೇ ಇಲ್ಲ!

ಈ ಸಂಸ್ಕೃತ ಪದ ಭಾರತದಿಂದ ನೇರವಾಗಿ ಅಲ್ಲಿಗೆ ಹಾರಿತೆಂದು ನಾವು ಬೀಗಬೇಕಾಗಿಲ್ಲ. ಅದು ಹೋದದ್ದು ಜಾವಾ, ಮಲಯ ಸೀಮೆಗಳ ‘ದೆವಾತ’ದ ಮೂಲಕ. ಹಳೆಯ ತಗಾಲೊಗ್, ಸೆಬುವಾನೊ ನುಡಿಗಳಲ್ಲಿ ‘ಇ’ಗೂ ‘ಎ’ಗೂ ಭೇದವಿರಲಿಲ್ಲ. ಹಾಗಾಗಿ ‘ದೆ’ ಹೋಗಿ ‘ದಿ’ ಆಯಿತು. 1989ರಲ್ಲಿ ಲಗೂನಾ ಪ್ರಾಂತದಲ್ಲಿ ಮರಳು ತೆಗೆಯುವಾಗ ಒಂದು ತಾಮ್ರಪಟ ಸಿಕ್ಕಿತು. ಶಕ 822ರ ವೈಶಾಖ, ಎಂದರೆ ಕ್ರಿ.ಶ. 900ರದು. ಲಿಪಿ ‘ಕವಿ’, ಪಲ್ಲವ ಲಿಪಿಯ ಸಂತತಿ; ಭಾಷೆ ಹಳೆಯ ಮಲಯ. ನಮ್ವರಾನ್ ಎಂಬಾತನ ಚಿನ್ನದ ಸಾಲ ತೀರಿತೆಂದು ಕೊಟ್ಟ ಪತ್ರ ಅದು. ಅದರಲ್ಲಿ ‘ದೆವತ’ ಎಂಬ ಮಾತೂ ಇದೆ. ವಿದ್ವಾಂಸರು ಅದನ್ನು ಊರಿನ ಹೆಸರೆಂದು ಓದುತ್ತಾರೆ.

ಸ್ಪೇನಿನ ಪಾದ್ರಿಗಳು ಬಂದಾಗ ತಗಾಲೊಗ್ ಜನ ತಮ್ಮ ದೈವಗಳನ್ನೂ ಸತ್ತ ಹಿರಿಯರನ್ನೂ ‘ಅನೀತೊ’ ಎನ್ನುತ್ತಿದ್ದರು. ಅದು ಅಪ್ಪಟ ದೇಶೀಯ ಪದ; ದೂರದ ಸಮೋವಾದಲ್ಲಿ ಭೂತಕ್ಕೆ ಹೇಳುವ ‘ಐತು’ ಅದರ ಬಂಧು. ಸೆಬು ಮೊದಲಾದ ವಿಸಾಯ ದ್ವೀಪಗಳಲ್ಲಿ ಮಾತ್ರ ದೈವಕ್ಕೆ ‘ದಿವಾತ’ ಎಂದೇ ಹೆಸರು. ಪಾದ್ರಿಗಳಿಗೆ ಎರಡೂ ಒಂದೇ: ವಿಗ್ರಹ, ಸೈತಾನನ ಕೆಲಸ. ಪೂಜೆ ನಿಂತಿತು, ಪದ ಉಳಿಯಿತು. ಬೆಟ್ಟದ ದಿವಾತಗಳಿಗೆ ಕ್ರೈಸ್ತ ನಾಮಕರಣವೂ ಆಯಿತೆನ್ನಿ. ಲಗೂನಾದ ಬೆಟ್ಟದಾಕೆ ‘ಮರಿಯಾ ಮಕಿಲಿಂಗ್’, ಸೆಬುವಿನ ಅರ್ಗಾವ್ ಬಳಿಯವಳು ‘ಮರಿಯಾ ಕಕಾವ್’. ಮಕಿಲಿಂಗಳ ಕಥೆಯನ್ನು ಹೋಸೆ ರಿಸಾಲ್ 1890ರಲ್ಲಿ ಬರೆದ.

ಮಿಷನರಿಗಳ ಕೈ ಅಷ್ಟಾಗಿ ತಲುಪದ ಕಡೆ ಮಾತ್ರ ದಿವಾತ ಕೆಳಗಿಳಿಯಲಿಲ್ಲ. ಪಲಾವಾನಿನ ತಗ್ಬನ್ವಾ ಜನರ ‘ಪಗ್‌ದಿವಾತ’ ಎಂಬ ಆಚರಣೆಯಲ್ಲಿ ಅಕ್ಕಿಯ ಮದ್ಯವನ್ನು ಜಾಡಿಯಲ್ಲಿಟ್ಟು ದೈವಗಳನ್ನು ಕರೆಯುತ್ತಾರೆ. ಮಿಂದನಾವಿನ ಬೆಟ್ಟದ ಜನರಾದ ತ್ಬೊಲಿ, ಬ್ಲಾಆನರ ಬಾಯಲ್ಲಿ ಅದು ‘ದ್ವಾತ’. ಅಲ್ಲಿ ಅದು ಯಕ್ಷಿಣಿಯಲ್ಲ, ದೇವರೇ.

ಇನ್ನೊಂದು ಸ್ವಾರಸ್ಯ. 2016ರಲ್ಲಿ ಫಿಲಿಪ್ಪೀನ್ಸಿನ ಎಂಜಿನಿಯರುಗಳು ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಕೂತು ಕಟ್ಟಿದ, ಸುಮಾರು 50 ಕಿಲೋ ತೂಕದ ಉಪಗ್ರಹಕ್ಕೆ ‘ದಿವಾತ-1’ ಎಂದು ಹೆಸರಿಟ್ಟರು. 2020ರಲ್ಲಿ ಅದು ಕಕ್ಷೆಯಿಂದ ಇಳಿದು ಉರಿದುಹೋಯಿತು. ಅಷ್ಟರಲ್ಲಿ, 2018ರಲ್ಲೇ, ‘ದಿವಾತ-2’ ಮೇಲೇರಿತ್ತು.